ಗೋವಾದಲ್ಲಿ ನಡುಗಡ್ಡೆ ಪಿಕ್ನಿಕ್: ತಿಥಿ ನೋಡುವುದರಿಂದ ದೋಣಿ ಇಳಿಯುವವರೆಗೆ

ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯಿಂದ ಬರುವ ನೆಂಟರು, ಸ್ನೇಹಿತರು ವಾಸ್ಕೊದಲ್ಲಿರುವ ನಮ್ಮಂಥವರನ್ನು ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲು ‘ಯಾವ ಬೀಚ್ ಚೆನ್ನಾಗಿದೆ’ ಅಂತಿದ್ದರು. ಈಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸುತ್ತಾರೆ. ತಿಳಿ ಹಸಿರು ನೀರು, ಬಿಳಿ ಮರಳಿನ ಪುಟ್ಟ ದ್ವೀಪ, ಒಂದೇ ಒಂದು ಕುಟುಂಬ ಕೂತು ಊಟ ಮಾಡುತ್ತಿದೆ. ‘ನಾವೂ ಹಿಂಗ ಮನೆಯವರಷ್ಟೇ ಹೋಗಿ ಬರಬೇಕು, ಹೆಂಗ ಮಾಡೋದು?’ ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಪೂರ್ತಿ ಇಲ್ಲಿ ಬರೆದಿದ್ದೇನೆ.

ಮೊದಲೇ ಎರಡು ಮಾತು. ಆ ವಿಡಿಯೋದಲ್ಲಿ ಇರುವುದು ಲಗೂನ್. ಹವಳದ ದಿಬ್ಬ ಅಡ್ಡ ನಿಂತು ಅಲೆಯನ್ನು ಹೊರಗೇ ತಡೆಯುತ್ತದೆ. ಒಳಗೆ ಆಳವಿಲ್ಲದ ಶಾಂತ ನೀರು ಉಳಿಯುತ್ತದೆ. ಅಂಥದ್ದು ಲಕ್ಷದ್ವೀಪದಲ್ಲಿದೆ, ಮಾಲ್ಡೀವ್ಸ್‌ನಲ್ಲಿದೆ, ಗೋವಾದಲ್ಲಿ ಇಲ್ಲ. ಇಲ್ಲಿ ಸಿಗುವುದು ಬಂಡೆಯ ನಡುಗಡ್ಡೆಗಳು, ಎರಡು ಗುಡ್ಡಗಳ ನಡುವಿನ ಪುಟ್ಟ ಕೊಲ್ಲಿಗಳು, ನದಿ ಸಮುದ್ರ ಸೇರುವ ಅಳಿವೆಗಳು. ಇನ್ನು ‘ಖಾಸಗಿ ದ್ವೀಪ’ ಅನ್ನುವುದು ಜಾಹೀರಾತಿನವರ ಮಾತು. ನೀವು ಖಾಸಗಿಯಾಗಿ ಪಡೆಯಬಹುದಾದದ್ದು ದೋಣಿ ಮಾತ್ರ. ದಡಕ್ಕೆ ಯಾರು ಬೇಕಾದರೂ ಬರಬಹುದು. ಆದರೆ ದಿನ, ಹೊತ್ತು ಸರಿಯಾಗಿ ಆರಿಸಿದರೆ ಎರಡು ಮೂರು ಗಂಟೆ ಆ ಮರಳು ನಿಮ್ಮದೇ ಆಗುತ್ತದೆ. ಅದಕ್ಕೆ ದುಡ್ಡಿಗಿಂತ ಗೋಡೆಯ ಮೇಲಿನ ಕ್ಯಾಲೆಂಡರ್ ಜಾಸ್ತಿ ಕೆಲಸಕ್ಕೆ ಬರುತ್ತದೆ. ಹೇಗೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ.

1. ಎಲ್ಲಿಗೆ ಅಂತ ನಿರ್ಧರಿಸಿ

ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು, ಎಲ್ಲರಿಗಿಂತ ಹಿರಿಯರು ಯಾರು ನೋಡಿ. ಜಾಗ ಅವರ ಮೇಲೆ ನಿಂತಿದೆ.

ದಕ್ಷಿಣದ ಪಾಳೊಳೆಮ್ ನನ್ನ ಮೊದಲ ಆಯ್ಕೆ. ಅಲ್ಲಿಂದ ದೋಣಿಯಲ್ಲಿ ಉತ್ತರಕ್ಕೆ ಹೋದರೆ ಹನಿಮೂನ್ ಬೀಚ್, ಬಟರ್‌ಫ್ಲೈ ಬೀಚ್ ಸಿಗುತ್ತವೆ. ಎರಡೂ ದ್ವೀಪಗಳಲ್ಲ. ಕಾಡು ತುಂಬಿದ ಗುಡ್ಡಗಳ ನಡುವೆ ಸಿಕ್ಕಿಕೊಂಡ ಪುಟ್ಟ ಮರಳದಂಡೆಗಳು. ರಸ್ತೆ ಇಲ್ಲ. ಕಾಡಿನ ದಾರಿಯಲ್ಲಿ ನಡೆದು ಹೋಗುವವರಿದ್ದಾರೆ, ಆದರೆ ಬುತ್ತಿಗಂಟು, ಮಕ್ಕಳು ಇದ್ದರೆ ದೋಣಿಯೇ ಸರಿ. ದ್ವೀಪದಲ್ಲಿದ್ದ ಹಾಗೇ ಅನಿಸುತ್ತದೆ, ಪ್ರಯಾಣವೂ ಚಿಕ್ಕದು. ಕಾರವಾರದ ಕಡೆಯಿಂದ ಬರುವವರಿಗೆ ಇದು ಇನ್ನೂ ಹತ್ತಿರ. ಕಾಣಕೋಣ ರೈಲು ನಿಲ್ದಾಣದಿಂದ ಆಟೋದಲ್ಲಿ ಸ್ವಲ್ಪವೇ ದಾರಿ.

ಪಾಳೊಳೆಮ್ ದಂಡೆಯ ಉತ್ತರ ತುದಿಯಲ್ಲೇ ಕಾಣಕೋಣ ದ್ವೀಪ ಇದೆ. ನೀರು ಇಳಿದಾಗ ದೋಣಿಯೇ ಬೇಡ, ನಡೆದೇ ದಾಟಬಹುದು. ಎಷ್ಟೋ ಜನ ಎಡವುವುದು ಇಲ್ಲೇ. ಹೋಗುವಾಗ ಮೊಣಕಾಲಿನಷ್ಟಿದ್ದ ನೀರು, ಫೋಟೋ ತೆಗೆದು ತಿರುಗಿ ನೋಡುವಷ್ಟರಲ್ಲಿ ಎದೆಮಟ್ಟಕ್ಕೆ ಬಂದಿರುತ್ತದೆ. ಅಲ್ಲಿ ಊಟಕ್ಕೆ ಕೂರುವ ಯೋಚನೆ ಬಿಡಿ. ಹೋದರೂ ನೀರು ಇನ್ನೂ ಇಳಿಯುತ್ತಿರುವಾಗ ಹೋಗಿ, ಏರಲು ಶುರುವಾಗುವ ಮೊದಲೇ ಬಂದುಬಿಡಿ.

ವಾಸ್ಕೊ ಕಡೆ ಬೈನಾ ದಂಡೆಯಿಂದ ಬ್ಯಾಟ್ ಐಲ್ಯಾಂಡ್, ಗ್ರಾಂಡೆ ಐಲ್ಯಾಂಡ್ ಕಡೆಗೆ ದೋಣಿ ಸಿಗುತ್ತವೆ. ಇವು ನಿಜವಾದ ದ್ವೀಪಗಳು. ಇಲ್ಲಿಗೆ ಜನ ಹೋಗುವುದು ಮುಖ್ಯವಾಗಿ ಸ್ನಾರ್ಕೆಲ್ ಮಾಡಲು. ಸ್ನಾರ್ಕೆಲ್ ಅಂದರೆ ಕಣ್ಣಿಗೆ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗಿನ ಮೀನು ನೋಡುವುದು. ಸಾಮಾನ್ಯವಾಗಿ ದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿ ಎಲ್ಲರನ್ನೂ ನೀರಿಗೆ ಇಳಿಸುತ್ತಾರೆ. ದಡಕ್ಕೆ ಹೋಗಿ ಚಾಪೆ ಹಾಸಿ ಊಟ ಮಾಡುವ ಆಸೆ ಇದ್ದರೆ, ‘ದಡಕ್ಕೆ ಇಳಿಸುತ್ತೀರಾ, ಎಷ್ಟು ಹೊತ್ತು ಬಿಡುತ್ತೀರಾ’ ಅಂತ ಮೊದಲೇ ಕೇಳಿ. ಕಲಂಗುಟ್, ಸಿಂಕ್ವೆರಿಮ್ ಕಡೆಯಿಂದಲೂ ಗ್ರಾಂಡೆಗೆ ಕರೆದೊಯ್ಯುತ್ತಾರೆ. ದೂರ ಜಾಸ್ತಿ, ತೆರೆದ ಸಮುದ್ರ ಜಾಸ್ತಿ, ವಾಂತಿಯೂ ಜಾಸ್ತಿ.

ಅಂಜುದೀವ್ ದ್ವೀಪ ಕಾರವಾರದ ಎದುರಿಗೇ ಇದ್ದರೂ ಗೋವಾಕ್ಕೆ ಸೇರಿದ್ದು. ಆದರೆ ನೌಕಾಪಡೆಯ ಕೈಯಲ್ಲಿದೆ. ಪಿಕ್ನಿಕ್ ಮಾಡಲು ಬಿಡುವುದಿಲ್ಲ. ಯಾರಾದರೂ ‘ನಾನು ಕರಕೊಂಡು ಹೋಗ್ತೀನಿ’ ಅಂದರೆ ನಮಸ್ಕಾರ ಹೇಳಿ.

ಅಜ್ಜ, ಅಜ್ಜಿ, ಕೈಗೂಸು ಇದ್ದರೆ ಸಮುದ್ರ ಬಿಡಿ, ನದಿ ಹಿಡಿಯಿರಿ. ಬೆತುಲ್, ಕಾವೆಲೊಸಿಮ್ ಹತ್ತಿರ ಸಾಳ್ ನದಿಯ ಅಳಿವೆ ಚೆನ್ನಾಗಿದೆ. ಎರಡೂ ಬದಿ ತೆಂಗು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅಲೆ ಇಲ್ಲದ ನೀರು. ಲಗೂನಿಗೆ ಹತ್ತಿರ ಬರುವಂಥದ್ದು ಗೋವಾದಲ್ಲಿ ಏನಾದರೂ ಇದ್ದರೆ ಇದೇ. ಇನ್ನೂ ಸುಲಭ ಬೇಕಾದರೆ ಹಳೆ ಗೋವಾದಿಂದ ಸರ್ಕಾರಿ ಫೆರಿಯಲ್ಲಿ ದಿವಾಡ್ ದ್ವೀಪಕ್ಕೆ ಹೋಗಿ. ಕಾರು ಸಮೇತ ದಾಟಬಹುದು. ಅದು ಜನ ವಾಸಿಸುವ ಊರು, ಏಕಾಂತ ಸಿಗದು. ಆದರೆ ಗದ್ದೆ ಬದಿಯ ಮರದ ನೆರಳಲ್ಲಿ ಬುತ್ತಿ ಬಿಚ್ಚಲು ಯಾರ ಅಡ್ಡಿಯೂ ಇಲ್ಲ. ಗದ್ದೆಯ ಯಜಮಾನರನ್ನು ಒಂದು ಮಾತು ಕೇಳಿ ಕೂತರೆ ಸಾಕು.

ಹತ್ತಿರದ ಕುಂಬಾರ್ಜುವಾ ಕಾಲುವೆಯಲ್ಲಿ ಮಾತ್ರ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮಾಂಡವಿ ಮತ್ತು ಝುವಾರಿ ನದಿಗಳನ್ನು ಸೇರಿಸುವ ಈ ಕಾಲುವೆಯಲ್ಲಿ ಮೊಸಳೆಗಳಿವೆ. ಅವನ್ನು ತೋರಿಸುವುದಕ್ಕೆಂದೇ ದೋಣಿ ಓಡಿಸುತ್ತಾರೆ.

2. ತಿಥಿ ನೋಡಿ ದಿನ ಗೊತ್ತು ಮಾಡಿ

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರದ ಪಿಕ್ನಿಕ್ ಯೋಚಿಸಲೇಬೇಡಿ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ನಿಂತಿರುತ್ತವೆ. ಆಗ ಯಾರಾದರೂ ಹೊರಟರೆ ಅವರ ಜೊತೆ ಹೋಗಬಾರದು ಅಂತಲೇ ಅರ್ಥ. ಅಕ್ಟೋಬರ್‌ನಲ್ಲಿ ದೋಣಿ ಸಿಗುತ್ತದೆ, ಆದರೆ ನದಿಗಳು ತಂದ ಕೆಸರಿನಿಂದ ನೀರು ಇನ್ನೂ ಕದಡಿರುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಡಿಸೆಂಬರ್ ಕೊನೆಯ ಹತ್ತು ದಿನ ಬಿಟ್ಟುಬಿಡಿ. ಆಗ ದರವೂ ಮೇಲೆ, ಜನವೂ ಮೇಲೆ. ಶನಿವಾರ, ಭಾನುವಾರಗಳೂ ಬೇಡ.

ಈಗ ತಿಥಿಯ ವಿಷಯಕ್ಕೆ ಬರೋಣ. ಇದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ.

ಗೋವಾ ಕಡಲಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ನಾವು ಉಬ್ಬರ, ಇಳಿತ ಅನ್ನುವುದನ್ನು ಇಲ್ಲಿನ ದೋಣಿಯವರು ಭರತಿ, ಸುಕತಿ ಅನ್ನುತ್ತಾರೆ. ಅವರ ಹತ್ತಿರ ಮಾತಾಡುವಾಗ ಈ ಎರಡು ಪದ ಗೊತ್ತಿದ್ದರೆ ಒಳ್ಳೆಯದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ದೊಡ್ಡದು, ಎರಡು ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಅಷ್ಟಮಿಯ ಆಸುಪಾಸು ಚಿಕ್ಕದು, ಒಂದು ಮೀಟರ್ ಅಥವಾ ಅದಕ್ಕೂ ಕಡಿಮೆ. ಜೊತೆಗೆ, ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಇದನ್ನು ಪಿಕ್ನಿಕ್‌ಗೆ ಹೊಂದಿಸಿ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ಉಬ್ಬರ ನಡುಹಗಲಿನ ಸುಮಾರಿಗೆ ಬರುತ್ತದೆ, ಅದೂ ದೊಡ್ಡ ಉಬ್ಬರ. ಬಟರ್‌ಫ್ಲೈನಂಥ ಪುಟ್ಟ ದಂಡೆಯಲ್ಲಿ ನೀವು ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ಮರಳು ಕಿರಿದಾಗುತ್ತ ಬರುತ್ತದೆ. ಹಿಂದೆ ಬಂಡೆ, ಮುಂದೆ ಅಲೆ, ನಡುವೆ ನಿಮ್ಮ ಚಪಾತಿ ಡಬ್ಬಿ. ಏಳೆಂಟು ದಿನ ಮುಂದೆ ಬಂದು ಸಪ್ತಮಿ, ಅಷ್ಟಮಿ, ನವಮಿ ಹಿಡಿದರೆ ಲೆಕ್ಕ ಉಲ್ಟಾ ಆಗುತ್ತದೆ. ನಡುಹಗಲಿನ ಹೊತ್ತಿಗೆ ಇಳಿತ, ಅದೂ ಸಣ್ಣ ಇಳಿತ. ಮರಳು ಅಗಲ ಸಿಗುತ್ತದೆ, ಹರಿವಿನ ಸೆಳೆತವೂ ಕಡಿಮೆ. (ಏಕಾದಶಿಯವರೆಗೆ ಎಳೆಯಬಹುದು, ಆದರೆ ಮನೆಯಲ್ಲಿ ಉಪವಾಸದವರಿದ್ದರೆ ಬುತ್ತಿ ಕಟ್ಟಿಯೂ ಪ್ರಯೋಜನವಿಲ್ಲ.)

ತಿಥಿಯಿಂದ ಸಿಗುವುದು ಅಂದಾಜು ಅಷ್ಟೇ. ದಿನ ಗೊತ್ತಾದ ಮೇಲೆ ಮುರ್ಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ ನಿಮಿಷ ಬರೆದುಕೊಳ್ಳಿ. ಮೊಬೈಲಿನ ಟೈಡ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಬೇಕು. ಮೊದಲ ಗಂಟೆ ನೀರು ಏರುವುದು ಗೊತ್ತೇ ಆಗುವುದಿಲ್ಲ. ಮೂರು, ನಾಲ್ಕನೇ ಗಂಟೆಯಲ್ಲಿ ಸರಸರ ಬರುತ್ತದೆ. ‘ಇನ್ನೂ ಟೈಮ್ ಐತಿ’ ಅಂತ ಕೂತವರ ಚಪ್ಪಲಿ ತೇಲಿ ಹೋಗುವುದು ಆಗಲೇ.

ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಎಚ್ಚರಿಕೆ ನೋಡಿ. ಇದು ಸಮುದ್ರದ ಅಲೆ, ಹರಿವಿನ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ. ಗೋವಾ ಕರಾವಳಿಗೆ ಎತ್ತರದ ಅಲೆಯ ಎಚ್ಚರಿಕೆ ಇದ್ದರೆ ಆಕಾಶ ಎಷ್ಟೇ ತಿಳಿಯಾಗಿರಲಿ, ನದಿಗೆ ಬದಲಾಯಿಸಿ. ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುತ್ತದೆ.

3. ದೋಣಿ ಮಾತಾಡಿ

ಹಿಂದಿನ ದಿನ ಸಂಜೆ ದಂಡೆಗೆ ಹೋಗಿ ನೇರವಾಗಿ ದೋಣಿಯವರ ಹತ್ತಿರ ಮಾತಾಡುವುದು ಎಲ್ಲಕ್ಕಿಂತ ಒಳ್ಳೆಯದು. ರಸ್ತೆಯಲ್ಲಿ ಕೈ ಹಿಡಿದು ಎಳೆಯುವ ದಲ್ಲಾಳಿಗೆ ದೋಣಿ ಇರುವುದಿಲ್ಲ, ಕಮಿಷನ್ ಇರುತ್ತದೆ. ಭಾಷೆಯ ಭಯ ಬೇಡ. ವಾಸ್ಕೊ, ಮಡಗಾಂವ್, ಮಾಪುಸಾ, ಎಲ್ಲಿ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ದಕ್ಷಿಣದಲ್ಲಂತೂ ಕಾರವಾರದ ನಂಟಿರುವ ಜನ ಬೇಕಾದಷ್ಟು. ಇಲ್ಲವಾದರೆ ಹಿಂದಿ ಇದ್ದೇ ಇದೆ.

ಮಾತು ಶುರು ಮಾಡುವಾಗ ‘ಒಬ್ಬರಿಗೆ ಎಷ್ಟು’ ಅಂತ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ನೀವು ಹಂಚಿಕೆ ದೋಣಿಯ ಗಿರಾಕಿ ಆಗಿಬಿಡುತ್ತೀರಿ. ಬೇರೆ ಗುಂಪಿನ ಜೊತೆ ಕೂರಿಸುತ್ತಾರೆ. ‘ಪೂರ್ತಿ ದೋಣಿಗೆ ಎಷ್ಟು, ಅಲ್ಲಿ ಮಧ್ಯಾಹ್ನದವರೆಗೆ ಕಾಯುವುದಕ್ಕೆ ಎಷ್ಟು’ ಅಂತ ಕೇಳಿ. ಕಾಯುವ ಹೊತ್ತೇ ಇಲ್ಲಿ ಮುಖ್ಯ. ಡಾಲ್ಫಿನ್ ತೋರಿಸಿ, ದಂಡೆಗೆ ಹತ್ತು ನಿಮಿಷ ಮುಟ್ಟಿಸಿ ತರುವ ಒಂದು ಗಂಟೆಯ ಸುತ್ತಿಗೂ ನಿಮ್ಮ ಪಿಕ್ನಿಕ್‌ಗೂ ದರ ಬೇರೆ. ಇದು ಬಾಯಲ್ಲಿ ಸ್ಪಷ್ಟ ಆಗದಿದ್ದರೆ ದಂಡೆಯಲ್ಲಿ ಜಗಳ ಗ್ಯಾರಂಟಿ.

ದೋಣಿಯವನು ಅಲ್ಲೇ ಲಂಗರು ಹಾಕಿ ಕಾಯುತ್ತಾನಾ, ಅಥವಾ ನಿಮ್ಮನ್ನು ಬಿಟ್ಟು ಇನ್ನೊಂದು ಬಾಡಿಗೆ ಹೊಡೆದು ಬರುತ್ತಾನಾ ಅನ್ನುವುದನ್ನೂ ಕೇಳಿ. ಎರಡನೆಯದು ಅಗ್ಗ. ಆದರೂ ನಾನು ಒಪ್ಪುವುದಿಲ್ಲ. ಆ ಕೊಲ್ಲಿಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಮಗುವಿಗೆ ಹೊಟ್ಟೆನೋವು ಬಂದರೆ ವಾಪಸ್ ಬರಲು ಬೇರೆ ದಾರಿ ಇಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ದೋಣಿ ಅಲ್ಲೇ ಇಟ್ಟುಕೊಳ್ಳಿ.

ದುಡ್ಡು ಪೂರ್ತಿ ಮೊದಲೇ ಕೊಡಬೇಡಿ. ಅರ್ಧ ಹತ್ತುವಾಗ, ಅರ್ಧ ವಾಪಸ್ ಇಳಿದ ಮೇಲೆ. ನಗದು ಜೊತೆಯಲ್ಲಿರಲಿ. ‘ಸಿಗ್ನಲ್ ಇಲ್ಲ, ಪೇಮೆಂಟ್ ಹೋಗ್ತಾ ಇಲ್ಲ’ ಅನ್ನುವ ನಾಟಕ ಇಬ್ಬರಿಗೂ ಬೇಡ.

ಇನ್ನು ದೋಣಿಯನ್ನೇ ನೋಡಿ. ಗೋವಾದಲ್ಲಿ ಪ್ರವಾಸಿ ದೋಣಿಗೆ ಪರವಾನಗಿ ಕೊಡುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ನೋಂದಣಿ ಸಂಖ್ಯೆ ದೋಣಿಯ ಮೈಮೇಲೆ ಇರಬೇಕು. ಎಷ್ಟು ಜನ ಹತ್ತಬಹುದು ಅನ್ನುವುದೂ ಪರವಾನಗಿಯಲ್ಲಿ ಇರುತ್ತದೆ. ಕೇಳಲು ಸಂಕೋಚ ಬೇಡ. ಆ ಸಂಖ್ಯೆಯಲ್ಲಿ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ‘ಸಣ್ಣವರು ತೊಡೆ ಮೇಲೆ ಕೂರ್ತಾರೆ’ ಅನ್ನುವ ಬಸ್ಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ಸತ್ತರು. ನಮ್ಮ ಉತ್ತರ ಕರ್ನಾಟಕದ ಜನವೇ ಅದರಲ್ಲಿದ್ದರು. 2024ರ ಡಿಸೆಂಬರ್ 25ರಂದು ಕಲಂಗುಟ್ ಕಡಲಲ್ಲಿ ಪ್ರವಾಸಿ ದೋಣಿ ಮಗುಚಿ ಒಬ್ಬರು ತೀರಿಕೊಂಡರು. ಎರಡೂ ಕಡೆ ಊರು ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಆದ್ದರಿಂದ ಹಿಂದಿನ ಸಂಜೆಯೇ ಜಾಕೆಟ್‌ಗಳನ್ನು ಹೊರಗೆ ತೆಗೆಸಿ ನೋಡಿ. ಬಕಲ್ ಕೂರುತ್ತದಾ? ಪಟ್ಟಿ ಕಿತ್ತಿದೆಯಾ? ಮಕ್ಕಳ ಅಳತೆಯದು ಇದೆಯಾ? ಹಾಕಿಸಿ, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ಅದು ಆ ಮಗುವಿಗೆ ದೊಡ್ಡದು. ನೀರಿಗೆ ಬಿದ್ದರೆ ಮಗು ಕೆಳಗೆ ಜಾರುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಸರಿಯಾದ ಅಳತೆ ಸಿಗದಿದ್ದರೆ ದೋಣಿ ಬದಲಾಯಿಸಿ.

4. ಬುತ್ತಿ ಮನೆಯಿಂದಲೇ ಕಟ್ಟಿ

ಗ್ಯಾಸ್ ಒಲೆ, ಸಿಲಿಂಡರ್, ದೊಡ್ಡ ಪಾತ್ರೆ ಸಮೇತ ಬರುವ ರೂಢಿ ನಮ್ಮ ಕಡೆಯವರಲ್ಲಿದೆ. ದಯವಿಟ್ಟು ಬೇಡ. ಗೋವಾದ ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು ಎರಡೂ ಅಪರಾಧ. 2019ರಲ್ಲಿ ಕಾನೂನಿಗೆ ತಿದ್ದುಪಡಿ ತಂದಾಗ ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡ ಇಟ್ಟರು. 2022ರ ಪ್ರವಾಸೋದ್ಯಮ ಇಲಾಖೆಯ ಆದೇಶದಲ್ಲಿ ಅದು 5,000ದಿಂದ 50,000ದವರೆಗೆ ಏರಿತು. ದಂಡ ಒಂದು ಕಡೆ ಇರಲಿ. ರಸ್ತೆ ಬದಿ ಒಲೆ ಹೂಡಿ, ಅನ್ನ ಚೆಲ್ಲಿ ಹೋಗುವ ಬಸ್ಸುಗಳ ಬಗ್ಗೆ ಇಲ್ಲಿಯವರಿಗೆ ಎಷ್ಟು ಸಿಟ್ಟಿದೆ ಅನ್ನುವುದು ಇಲ್ಲೇ ಬಾಳುವ ನಮಗೆ ಗೊತ್ತು. ಆ ಮಾತು ಕೇಳಬೇಕಾದವರು ನಾವೇ.

ಕೆಲವು ಪ್ಯಾಕೇಜಿನಲ್ಲಿ ‘ದ್ವೀಪದಲ್ಲಿ ಬಾರ್ಬೆಕ್ಯೂ’ ಅಂತ ಹಾಕಿರುತ್ತಾರೆ. ಎಲ್ಲಿ ಸುಡುತ್ತಾರೆ, ಅದಕ್ಕೆ ಅನುಮತಿ ಇದೆಯಾ ಕೇಳಿ. ಉತ್ತರ ತೊದಲಿದರೆ ಊಟವಿಲ್ಲದ ದರ ಮಾತಾಡಿ.

ಏನು ಕಟ್ಟಬಹುದು? ನಮ್ಮ ಅಡುಗೆ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಚಪಾತಿ, ಎಣ್ಣೆಗಾಯಿ, ಪುಳಿಯೋಗರೆ, ಹೋಳಿಗೆ. ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತರಬೇಡಿ. ಕಡಲ ಗಾಳಿಗೆ ಒಂದೇ ಗಂಟೆಯಲ್ಲಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಮೊಸರನ್ನದ ಆಸೆ ಇದ್ದರೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿ. ಬಿಸಿಲಿಗೆ ಊಟದ ಹೊತ್ತಿಗೆ ಸರಿಯಾಗಿ ಹುಳಿಯಾಗಿರುತ್ತದೆ. ತೆಂಗಿನಕಾಯಿ ಚಟ್ನಿ ಬೇಡ, ಬೇಗ ಹಳಸುತ್ತದೆ. ಹೋಟೆಲಿನಲ್ಲಿ ಉಳಿದವರು ಬೆಳಿಗ್ಗೆ ಸೈಕಲ್ಲಿನಲ್ಲಿ ಬರುವ ಪಾವ್‌ನವರಿಂದ ಪೊಯ್ ತೆಗೆದುಕೊಳ್ಳಿ. ಇಲ್ಲಿನ ಗೋಧಿಯ ಉಬ್ಬು ಬ್ರೆಡ್ಡು ಅದು. ಒಳಗೆ ಪಲ್ಯ ತುಂಬಿದರೆ ತಟ್ಟೆಯೂ ಬೇಡ.

ಕಲ್ಲಂಗಡಿ ಮನೆಯಲ್ಲೇ ಹೆಚ್ಚಿ ತನ್ನಿ. ಅಲ್ಲಿ ಚಾಕು, ಮರಳು, ಇರುವೆ, ಕಾಗೆ, ಒಂದೂ ಸರಿಹೋಗುವುದಿಲ್ಲ. ಕುಡಿಯುವ ನೀರು ಒಬ್ಬರಿಗೆ ಮೂರು ಲೀಟರ್ ಲೆಕ್ಕ ಹಿಡಿಯಿರಿ. ಜಾಸ್ತಿ ಅನಿಸುತ್ತದೆ, ಆದರೆ ಅಲ್ಲಿ ಅಂಗಡಿಯೂ ಇಲ್ಲ, ನಲ್ಲಿಯೂ ಇಲ್ಲ. ಕೈ ತೊಳೆಯಲು ಇದೇ ನೀರು ಖರ್ಚಾಗುತ್ತದೆ.

5. ಚೀಲದಲ್ಲಿ ಏನಿರಬೇಕು

ಮೊದಲು ನೆರಳು. ನಡುಹಗಲಿನಲ್ಲಿ ಈ ದಂಡೆಗಳ ಮೇಲೆ ನೆರಳು ಇಷ್ಟೇ ಇಷ್ಟು. ಎರಡು ಹಳೆಯ ಪಂಚೆ, ಒಂದು ಹಗ್ಗ ತನ್ನಿ. ಬಂಡೆಗೋ ಮರಕ್ಕೋ ಕಟ್ಟಿದರೆ ನೆರಳೂ ಆಯಿತು, ಹೆಂಗಸರಿಗೆ ಬಟ್ಟೆ ಬದಲಾಯಿಸಲು ಮರೆಯೂ ಆಯಿತು. ಶೌಚಾಲಯ ಇಲ್ಲ. ಇದನ್ನು ಎಲ್ಲರಿಗೂ ಮೊದಲೇ ಹೇಳಿ, ಹೊರಡುವ ಮೊದಲೇ ಮುಗಿಸಿಕೊಳ್ಳಲಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ನೀರಲ್ಲಿ ಕಿತ್ತು ಹೋಗುತ್ತದೆ. ಬರಿಗಾಲಾದರೆ ಬಂಡೆಗೆ ಅಂಟಿದ ಸಿಂಪಿ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಮೊಬೈಲ್, ಕಾರಿನ ಕೀ, ದುಡ್ಡು ಒಂದು ಡ್ರೈ ಬ್ಯಾಗ್‌ನಲ್ಲಿ ಇರಲಿ. ಬಾಯಿ ಸುತ್ತಿ ಮುಚ್ಚುವ, ನೀರು ಒಳಗೆ ಹೋಗದ ಚೀಲ ಅದು. ಇಲ್ಲದಿದ್ದರೆ ಎರಡು ಜಿಪ್ ಕವರ್ ಒಂದರೊಳಗೊಂದು. ಕಸಕ್ಕೆ ದಪ್ಪ ಚೀಲ ಒಂದು, ಗಾಯಕ್ಕೆ ಬ್ಯಾಂಡೇಜ್, ಮಾಮೂಲಿ ಮಾತ್ರೆಗಳು. ಚಿನ್ನ ಮನೆಯಲ್ಲೇ ಇರಲಿ. ಒದ್ದೆ ಬೆರಳಿನಿಂದ ಉಂಗುರ ಜಾರುವುದು ಗೊತ್ತೇ ಆಗುವುದಿಲ್ಲ.

6. ಬೆಳಿಗ್ಗೆ ಬೇಗ ಹೊರಡಿ

ಗೋವಾದಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ವಾಯವ್ಯದಿಂದ ಬೀಸುತ್ತದೆ, ನೀರು ಒರಟಾಗುತ್ತದೆ. ಬೇಸಿಗೆ ಹತ್ತಿರ ಬಂದ ಹಾಗೆ ಇದು ಇನ್ನೂ ಜೋರು. ಎಂಟು ಗಂಟೆಗೆ ದೋಣಿ ಬಿಟ್ಟರೆ ಜನವೂ ಇರುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ವಾಪಸ್ ದೋಣಿಯಲ್ಲಿರಿ. ಅಂದರೆ ನಿಮ್ಮ ‘ಮಧ್ಯಾಹ್ನದ ಊಟ’ ಹನ್ನೊಂದೂವರೆಗೆ.

ಸಮುದ್ರದಲ್ಲಿ ತಲೆ ತಿರುಗುವವರು ಖಾಲಿ ಹೊಟ್ಟೆಯಲ್ಲಿ ಹತ್ತಬಾರದು, ಹೊಟ್ಟೆ ಬಿರಿಯ ತಿಂದೂ ಹತ್ತಬಾರದು. ಎರಡು ಇಡ್ಲಿ ಸಾಕು. ಮಾತ್ರೆ ತೆಗೆದುಕೊಳ್ಳುವವರು ಹತ್ತುವ ಅರ್ಧ ಗಂಟೆ ಮೊದಲೇ ನುಂಗಿ. ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ದೋಣಿಯ ನಡುವೆ ಅಥವಾ ಹಿಂದೆ ಕೂತು ದೂರದ ದಡ ನೋಡುತ್ತಿರಿ. ಮೊಬೈಲ್ ನೋಡಿದರೆ ತಲೆ ಇನ್ನೂ ತಿರುಗುತ್ತದೆ.

ಹತ್ತುವುದು, ಇಳಿಯುವುದು ವಿಡಿಯೋದಲ್ಲಿ ತೋರಿಸದ ಭಾಗ. ಈ ದಂಡೆಗಳಲ್ಲಿ ಜೆಟ್ಟಿ ಇಲ್ಲ. ದೋಣಿ ಮರಳಿಗೆ ಪೂರ್ತಿ ತಾಗುವುದಿಲ್ಲ. ಮೊಣಕಾಲಿನಿಂದ ಸೊಂಟದವರೆಗಿನ ನೀರಿಗೆ ಇಳಿಯಬೇಕು. ಎರಡು ಅಲೆಗಳ ನಡುವಿನ ಹೊತ್ತು ನೋಡಿ ದೋಣಿಯವನು ಹೇಳುತ್ತಾನೆ, ಆಗಲೇ ಇಳಿಯಿರಿ, ಮೊದಲೂ ಬೇಡ, ಆಮೇಲೂ ಬೇಡ. ಮೊದಲು ಗಟ್ಟಿ ಆಳುಗಳು ಇಬ್ಬರು ಇಳಿಯಲಿ, ಆಮೇಲೆ ಮಕ್ಕಳನ್ನು ಕೈಯಿಂದ ಕೈಗೆ ಕೊಡಿ, ಕೊನೆಗೆ ಬುತ್ತಿ. ದೋಣಿ ಮತ್ತು ದಡದ ನಡುವೆ ಯಾರೂ ನಿಲ್ಲಬಾರದು. ಅಲೆ ಬಂದರೆ ದೋಣಿಯೇ ಬಂದು ಗುದ್ದುತ್ತದೆ. ಇಂಜಿನ್ನಿನ ಹಿಂದೆ ಅಂತೂ ಹೋಗಲೇಬೇಡಿ. ಮೊಣಕಾಲು ನೋವಿನವರು, ಸೀರೆ ಉಟ್ಟ ಅಜ್ಜಿಯಂದಿರು ಇದನ್ನು ಮಾಡಬಲ್ಲರಾ ಅಂತ ಮನೆಯಲ್ಲೇ ಯೋಚಿಸಿ. ಆಗದಿದ್ದರೆ ಸಾಳ್ ನದಿ ಇದೆಯಲ್ಲ.

ದಾರಿಯಲ್ಲಿ ಡಾಲ್ಫಿನ್ ಕಂಡರೆ ಇಂಜಿನ್ ನಿಧಾನ ಮಾಡಿಸಿ ನೋಡಿ. ‘ಹತ್ತಿರ ಹೋಗು, ಇನ್ನೂ ಹತ್ತಿರ’ ಅಂತ ಅಟ್ಟಿಸಬೇಡಿ. ಅವು ಕಾನೂನಿನ ರಕ್ಷಣೆ ಇರುವ ಪ್ರಾಣಿಗಳು. ಅಟ್ಟಿದರೆ ಮುಳುಗಿ ದೂರ ಹೋಗುತ್ತವೆ, ನಿಮಗೂ ಏನೂ ಕಾಣುವುದಿಲ್ಲ.

7. ದಡದಲ್ಲಿ

ಇಳಿದ ಕೂಡಲೇ ಒಣ ಮರಳಿನಲ್ಲಿ ಕಸಕಡ್ಡಿ, ಒಣ ಪಾಚಿ ಸಾಲಾಗಿ ಬಿದ್ದ ಗೆರೆ ಹುಡುಕಿ. ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಚಾಪೆ ಆ ಗೆರೆಯ ಮೇಲ್ಗಡೆ ಹಾಸಿ.

ಜನನಿಬಿಡ ಬೀಚ್‌ಗಳಲ್ಲಿ ಜೀವರಕ್ಷಕರು ಇರುತ್ತಾರೆ. ಕೆಂಪು-ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬಾರದು. ಈ ಪುಟ್ಟ ಕೊಲ್ಲಿಗಳಲ್ಲಿ ಸಿಳ್ಳೆ ಹೊಡೆದು ಎಚ್ಚರಿಸಲು ಜೀವರಕ್ಷಕರು ಇರುತ್ತಾರೆ ಅಂತ ನಂಬಿಕೊಳ್ಳಬೇಡಿ. ನಿಮ್ಮಲ್ಲೇ ಒಬ್ಬರು ಸರದಿಯ ಮೇಲೆ ನೀರಿಗೆ ಇಳಿಯದೆ ಕಾಯಬೇಕು. ಆ ಹೊತ್ತಿಗೆ ಅವರಿಗೆ ಬೇರೆ ಕೆಲಸ ಇಲ್ಲ. ಅಡುಗೆ ಬಡಿಸುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಕುಡಿದವರು ನೀರಿಗೆ ಇಳಿಯಬಾರದು. ಇಲ್ಲಿ ಕುಡಿಯಬಾರದು ಅಂತ ಆಗಲೇ ಹೇಳಿದೆ, ಆದರೂ ಹೇಳುತ್ತೇನೆ.

ನೀರಲ್ಲಿ ನಡೆಯುವಾಗ ಕಾಲು ಎತ್ತಿ ಇಡದೆ ಮರಳಿನಲ್ಲಿ ಎಳೆಯುತ್ತ ನಡೆಯಿರಿ. ಮರಳಲ್ಲಿ ಹುದುಗಿದ ತೊರಕೆ ಮೀನು ಆ ಸದ್ದಿಗೆ ಸರಿದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಜೆಲ್ಲಿ ಮೀನು ತಾಗಿ ಉರಿ ಬಂದರೆ ಮರಳು ಹಾಕಿ ಉಜ್ಜಬೇಡಿ, ಕುಡಿಯುವ ನೀರೂ ಸುರಿಯಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಒಂದು ಕಾರ್ಡಿನ ಅಂಚಿನಿಂದ ತೆಗೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ, ಬಾವು ಹಬ್ಬಿದರೆ ಪಿಕ್ನಿಕ್ ಅಲ್ಲಿಗೇ ಮುಗಿಸಿ ದೋಣಿ ಹತ್ತಿ.

ಸ್ನಾರ್ಕೆಲ್ ಮಾಡುವವರು ಹವಳದ ಮೇಲೆ ನಿಲ್ಲಬೇಡಿ. ಗ್ರಾಂಡೆ ಸುತ್ತ ಇರುವ ಹವಳ ಸ್ವಲ್ಪವೇ. ದಕ್ಷಿಣದಲ್ಲಿ ಅಗೊಂದ, ಗಾಲ್ಜಿಬಾಗ್ ದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆ ಬೇಲಿ ಹಾಕಿದ ಜಾಗದ ಹತ್ತಿರ ಆಟ ಬೇಡ.

ಫೋನಿನಲ್ಲಿ ಈ ನಂಬರ್‌ಗಳನ್ನು ಮೊದಲೇ ಉಳಿಸಿಕೊಳ್ಳಿ. ಕರಾವಳಿ ಕಾವಲು ಪಡೆ 1554, ಕರಾವಳಿ ಪೊಲೀಸ್ 1093, ಆಂಬುಲೆನ್ಸ್ 108, ಎಲ್ಲಕ್ಕೂ 112. ಮೊದಲ ಎರಡು ನಂಬರ್ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

8. ವಾಪಸ್

ಹೊರಡುವ ಇಪ್ಪತ್ತು ನಿಮಿಷ ಮೊದಲು ಎಲ್ಲರನ್ನೂ ನೀರಿನಿಂದ ಕರೆಸಿ. ತಲೆ ಎಣಿಸಿ, ಆಮೇಲೆ ಡಬ್ಬಿ ಎಣಿಸಿ. ಕಸ ಪೂರ್ತಿ ವಾಪಸ್. ಹಣ್ಣಿನ ಸಿಪ್ಪೆ, ಮಿಕ್ಕ ಅನ್ನವೂ ಸೇರಿ. ‘ಅದು ಮಣ್ಣಲ್ಲಿ ಕರಗುತ್ತೆ ಬಿಡಿ’ ಅನ್ನುವ ಮಾವಂದಿರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಮರಳಲ್ಲಿ ಕರಗುವುದಿಲ್ಲ, ಕಾಗೆ ಮತ್ತು ನಾಯಿಗಳನ್ನು ಕರೆಯುತ್ತದೆ. 

ಅದೇ ದಿನ ಊರಿಗೆ ಹೊರಡುವವರು ಘಾಟಿಯ ಲೆಕ್ಕ ಇಟ್ಟುಕೊಳ್ಳಿ. ಬಿಸಿಲು, ಉಪ್ಪು ನೀರು, ಊಟ ಮೂರೂ ಸೇರಿ ಡ್ರೈವರ್‌ಗೆ ನಿದ್ದೆ ಬರಿಸುತ್ತವೆ. ಅನಮೋಡ ಅಥವಾ ಚೋರ್ಲಾ ಘಾಟಿಯ ತಿರುವುಗಳಿಗೆ ಅದು ಸರಿಯಲ್ಲ. ಕಾರು ಓಡಿಸುವವರು ಎರಡು ಗಂಟೆ ಮಲಗಿ ಎದ್ದು ಹೊರಡಲಿ, ಇಲ್ಲವೇ ರಾತ್ರಿ ಉಳಿದು ಬೆಳಿಗ್ಗೆ ಹೋಗಿ.

ಆ ವಿಡಿಯೋದ ನೀರೇ ಬೇಕು ಅನ್ನುವವರಿಗೆ

ಕೆಲವರು ಇಷ್ಟೆಲ್ಲ ಕೇಳಿದ ಮೇಲೂ ‘ಆದರೂ ಆ ಹಸಿರು ನೀರು...’ ಅಂತಾರೆ. ಅವರು ಲಕ್ಷದ್ವೀಪಕ್ಕೇ ಹೋಗಬೇಕು. ಅಲ್ಲಿನ 36 ದ್ವೀಪಗಳಲ್ಲಿ ಜನ ವಾಸಿಸುವುದು 10ರಲ್ಲಿ ಮಾತ್ರ. ವಿಮಾನ ಇಳಿಯುವುದು ಅಗತ್ತಿಯಲ್ಲಿ, ಹಡಗು ಹೊರಡುವುದು ಕೊಚ್ಚಿಯಿಂದ. ಅಗತ್ತಿಯಿಂದ ದೋಣಿಯಲ್ಲಿ ಬಂಗಾರಂ, ತಿನ್ನಕರ ದ್ವೀಪಗಳಿಗೆ ಹೋಗಬಹುದು. ಎರಡೂ ಒಂದೇ ಲಗೂನಿನ ಒಳಗಿವೆ. ಪ್ರವೇಶ ಪರವಾನಗಿ ಇಲ್ಲದೆ ಯಾರನ್ನೂ ಬಿಡುವುದಿಲ್ಲ, ನಮ್ಮ ದೇಶದವರಾದರೂ ಸರಿ. ಮೊದಲು ಪರವಾನಗಿ, ಆಮೇಲೆ ಟಿಕೆಟ್. ಈ ಕ್ರಮ ತಪ್ಪಿಸಿ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಮೊದಲೇ ಕಟ್ಟಿದರೆ ದುಡ್ಡು ಸಿಕ್ಕಿಕೊಳ್ಳುತ್ತದೆ. ವಾಸ ಎಲ್ಲಿ ಅನ್ನುವುದೂ ಮೊದಲೇ ಗೊತ್ತಾಗಿರಬೇಕು. ಅಲ್ಲಿಯೂ ಉಬ್ಬರ-ಇಳಿತ ಇದೆ, ದೋಣಿಯಿಂದ ನೀರಿಗೆ ಇಳಿಯುವ ಕಷ್ಟವೂ ಇದೆ, ಲೈಫ್ ಜಾಕೆಟ್ ಪರೀಕ್ಷೆಯೂ ಅದೇ. ಕಡಕ್ ರೊಟ್ಟಿಯನ್ನು ಮಾತ್ರ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸಾಮಾನಿಗೆ ಹಾಕಿದರೆ ಪುಡಿಯಾಗುತ್ತದೆ.